ಅಜ್ಜನ ಎಡಗಾಲು

ಕರ್‌ರ್‌ರ್!

ಮೆಕ್ಯಾನಿಕ್ ಗೇರಿನಿಂದ ಕೈ ತೆಗೆದು, ಕಾರಿನ ಪಕ್ಕದಲ್ಲಿ ನಿಂತಿದ್ದ ಅಜ್ಜನನ್ನು ನೋಡಿದ.

“ನಿಮ್ಮ ಕಾಲಲ್ಲಿ ಶಕ್ತಿ ಇಲ್ಲ ಅಂದೋರು ಯಾರು ಯಜಮಾನ್ರೇ? ನಾನು ಕ್ಲಚ್ ತುಳಿದ್ರೂ ಬೀಳ್ತಿಲ್ಲವಲ್ಲ ಗೇರು! ನನಗೂ ವಯಸ್ಸಾಯ್ತಾ?”

ಅಮ್ಮ ಗೇಟಿನ ಕಡೆ ನೋಡಿದಳು. ಅದರ ಒಂದು ಸರಳು ಇನ್ನೂ ಬಾಗಿಯೇ ಇತ್ತು.

ಹತ್ತು ದಿನದ ಹಿಂದೆ ಮೊಮ್ಮಗಳನ್ನು ಸ್ಕೂಲಿಗೆ ಬಿಡಲು ಹೊರಟಾಗ ರಿವರ್ಸ್ ಗೇರು ಹೀಗೇ ಕಿರುಚಿತ್ತು. ಅಜ್ಜ ಅದನ್ನು ಬಲವಾಗಿ ತಳ್ಳಿದ. ಕಾರು ಹಿಂದಕ್ಕೆ ಜಿಗಿದು ಗೇಟಿಗೆ ಗುದ್ದಿತು.

“ಸಾಕಪ್ಪ, ಸಾಕು. ಕ್ಲಚ್ ತುಳಿಯೋಕೂ ಆಗ್ತಿಲ್ಲ ನಿಮಗೆ. ಮಗು ಬೇರೆ ಒಳಗಿರ್ತಾಳೆ,” ಎಂದು ಅಮ್ಮ ಅಂದೇ ಕೀ ಇಸಕೊಂಡು ಬೀರುವಿನಲ್ಲಿಟ್ಟಳು. ಮರುದಿನದಿಂದ ಅಜ್ಜ ಬೆಳಿಗ್ಗೆ ಎದ್ದು, ಗೋಡೆ ಹಿಡಿದುಕೊಂಡು, ಎಡಗಾಲನ್ನು ಮೂವತ್ತು ಸಲ ಎತ್ತಿ ಇಳಿಸತೊಡಗಿದ.

ಈಗ ಕಾರು ಮಾರುವುದೆಂದು ಮಾತಾಗಿತ್ತು. ಅದಕ್ಕೆ ಮುಂಚೆ ಒಮ್ಮೆ ತೋರಿಸಿಬಿಡೋಣವೆಂದು ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದ್ದರು.

ಮೆಟ್ಟಿಲ ಮೇಲೆ ಮೊಮ್ಮಗಳು ಕೂತಿದ್ದಳು. ಐದನೇ ಕ್ಲಾಸು. ಬಾಯಿ ಬಿಟ್ಟರೆ ಮುಚ್ಚುವುದಿಲ್ಲವೆಂದು ಮನೆಯಲ್ಲಿ ಅವಳಿಗೆ ಪಿಟೀಲು ಅಂತಲೇ ಹೆಸರು.

ಮೆಕ್ಯಾನಿಕ್ ಇಂಜಿನ್ ಆಫ್ ಮಾಡಿದ. ಮತ್ತೆ ಗೇರು ಹಾಕಿದ. ಒಂದು, ಎರಡು, ಮೂರು, ನಾಲ್ಕು, ರಿವರ್ಸ್. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

“ನೋಡಿದ್ರಾ? ಆಫ್ ಇದ್ದಾಗ ಬೀಳುತ್ತೆ, ಆನ್ ಇದ್ದಾಗ ಬೀಳಲ್ಲ. ಅಂದ್ರೆ ಗೇರ್ ಬಾಕ್ಸ್ ಚೆನ್ನಾಗೇ ಇದೆ. ಕ್ಲಚ್ ಪೂರ್ತಿ ಬಿಡ್ತಿಲ್ಲ.”

“ಹಂಗಂದ್ರೆ?” ಎಂದಳು ಅಮ್ಮ.

“ಇಂಜಿನ್ನೂ ಗೇರ್ ಬಾಕ್ಸೂ ಕೈಕೈ ಹಿಡ್ಕೊಂಡಿರ್ತಾವೆ ಅಕ್ಕಾ. ಕ್ಲಚ್ ತುಳಿದ್ರೆ ಕೈ ಬಿಡ್ತಾವೆ, ಆಗ ಗೇರು ಬದಲಾಯಿಸ್ಬಹುದು. ಅರ್ಧಕ್ಕೇ ತುಳಿದ್ರೆ ಬಿಡಲ್ಲ, ಎಳೆದಾಡ್ತಾವೆ.”

“ನಾನು ಪೂರ್ತಿ ತುಳಿದಿದ್ದೆ,” ಎಂದ ಅಜ್ಜ. ಈ ಹತ್ತು ದಿನದಲ್ಲಿ ಅವನು ಅದನ್ನು ಹೇಳಿದ್ದು ಇದೇ ಮೊದಲು.

ಮೆಕ್ಯಾನಿಕ್ ಬಾನೆಟ್ ಎತ್ತಿ ಕ್ಲಚ್ ಆಯಿಲ್ ನೋಡಿದ. ಸರಿಯಾಗಿಯೇ ಇತ್ತು, ಎಲ್ಲೂ ಸೋರಿರಲಿಲ್ಲ. ಬಾಗಿಲ ಬಳಿ ಮಂಡಿಯೂರಿ ಪೆಡಲನ್ನು ಕೈಯಿಂದ ಒತ್ತಿದ. ಅದು ತಳದವರೆಗೆ ಹೋಗದೆ ನಡುವೆಯೇ ನಿಂತಿತು.

“ಏನೋ ಅಡ್ಡ ಇದೆ.”

ಪಿಟೀಲು ಮೆಟ್ಟಿಲಿಂದ ಎದ್ದು ನಿಂತಳು.

ಗೇಟಿಗೆ ಗುದ್ದಿದ್ದರ ಹಿಂದಿನ ಸಂಜೆ ಅವಳು ಅಜ್ಜನ ಸೀಟಿನಲ್ಲಿ ಕೂತು ಪ್ರಾಜೆಕ್ಟಿಗೆ ಬಣ್ಣ ಹಚ್ಚುತ್ತಿದ್ದಳು. ಅಲ್ಲಿ ಕೂರಬಾರದೆಂದು ನೂರು ಸಲ ಹೇಳಿದ್ದರು. ನೀಲಿ ಡಬ್ಬಿ ಮಗುಚಿತು. ಬಣ್ಣ ಪೆಡಲಿನ ಕೆಳಗಿನ ಮ್ಯಾಟಿನ ಅಡಿಗೂ ಹರಿಯಿತು. ಎರಡು ಹಳೇ ಟವೆಲ್ ಮಡಚಿ ಅದರಡಿಗೆ ತುರುಕಿದಳು. ಹೀರಿಕೊಳ್ಳಲಿ, ನಾಳೆ ತೆಗೆದರಾಯಿತು ಅಂದುಕೊಂಡಳು. ನಾಳೆ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ, ಆಮೇಲೆ ನೆನಪಾಗಿತ್ತು. ಟವೆಲಿಗೂ ಗೇರಿಗೂ ಏನು ಸಂಬಂಧ ಎಂದು ಸುಮ್ಮನಿದ್ದಳು. ಅಜ್ಜ ಗೋಡೆ ಹಿಡಿದು ಕಾಲೆತ್ತುವಾಗ ಅವಳೇ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು.

“ಮ್ಯಾಟ್ ಅಡಿ ಟವೆಲ್ ಇದೆ,” ಎಂದಳು. “ನಾನೇ ಇಟ್ಟಿದ್ದು.”

ಮೆಕ್ಯಾನಿಕ್ ಆಗಲೇ ಮ್ಯಾಟಿನ ಅಂಚು ಹಿಡಿದಿದ್ದ. ಅವಳು ಹೇಳದಿದ್ದರೂ ಸಿಕ್ಕೇ ಸಿಗುತ್ತಿತ್ತು.

ಟವೆಲ್‌ಗಳು ಮುದ್ದೆಯಾಗಿ, ನೀಲಿಯಾಗಿ, ಒಣಗಿ ಹೊರಗೆ ಬಂದವು.

“ಇಟ್ಟಿಗೆ ಆಗೋಗಿದೆಯಲ್ಲಮ್ಮಾ!” ಎಂದು ಮೆಕ್ಯಾನಿಕ್ ನಕ್ಕ. ಬೇರೆ ಯಾರೂ ನಗಲಿಲ್ಲ.

“ದಿನವೆಲ್ಲ ಕುಯ್ತಿರ್ತೀಯಲ್ಲೇ! ಇದೊಂದು ಮಾತು ಬಾಯಿಗೆ ಬರ್ಲಿಲ್ವಾ?” ಎಂದು ಅಮ್ಮ ಕೈ ಎತ್ತಿದಳು. ಎತ್ತಿದ ಕೈ ಹಾಗೇ ಇಳಿಯಿತು. “ನಾನೂ ಒಂದ್ಸಲ ಬಗ್ಗಿ ನೋಡ್ಲಿಲ್ಲ,” ಎಂದಳು, ಯಾರಿಗೂ ಅಲ್ಲ ಎನ್ನುವಂತೆ.

ಮೆಕ್ಯಾನಿಕ್ ಕೀ ಚಾಚಿದ. “ಅಪ್ಪನ ಕೈಗೇ ಕೊಡಿ,” ಎಂದಳು ಅಮ್ಮ.

“ಸಾರಿ ಅಜ್ಜಾ.”

“ಆಯ್ತು ಬಿಡು. ಕಾರು ಹತ್ತು. ಒಂದು ರೌಂಡ್ ಹೋಗಿ ಬರೋಣ.”

ಗೇರು ಸದ್ದಿಲ್ಲದೆ ಬಿತ್ತು. ಕಾರು ಗೇಟು ದಾಟಿ ರಸ್ತೆಗೆ ಇಳಿಯಿತು.

“ಈಗ ಸಲೀಸಾಗಿದೆ ಅಲ್ವಾ ಅಜ್ಜ?”

“ಹ್ಞೂಂ, ಸಲೀಸಾಗಿದೆ.”

ತಿರುವು ಬಂತು. ಕ್ಲಚ್ ತುಳಿಯುವ ಮೊದಲು ಅಜ್ಜ ತಲೆ ಬಗ್ಗಿಸಿ ತನ್ನ ಎಡಗಾಲನ್ನು ನೋಡಿಕೊಂಡ. ಮುಂದಿನ ತಿರುವಿನಲ್ಲೂ ನೋಡಿಕೊಂಡ. ಎಲ್‌ಕೆಜಿಯಿಂದ ಅವಳು ಅಜ್ಜನ ಪಕ್ಕದ ಈ ಸೀಟಿನಲ್ಲಿ ಕೂತು ಬಂದಿದ್ದಳು. ಅಜ್ಜ ಹಾಗೆ ಮಾಡಿದ್ದನ್ನು ಒಂದು ದಿನವೂ ಕಂಡಿರಲಿಲ್ಲ.

ಏನೋ ಕೇಳಲು ಬಾಯಿ ತೆರೆದಳು. ಕೇಳಲಿಲ್ಲ.

ಮೂರನೇ ತಿರುವು ಹತ್ತಿರ ಬಂದಾಗ ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ತಾನು ನೋಡುತ್ತಿರುವುದು ಅಜ್ಜನಿಗೆ ಗೊತ್ತಾಗುವುದು ಬೇಡವಾಗಿತ್ತು.