ಉಪ್ಪುಕಂಡದ ಡ್ರಮ್ಮು

ಹೊಗೆ, ಮಾಂಸ, ವೆಲ್ಡಿಂಗ್ ಇವುಗಳ ನಡುವೆ ಪ್ರೇಮದ ಕಥೆ ಹೇಳಲು ಹೊರಟದ್ದಕ್ಕೆ ಓದುಗರು ಮೊದಲೇ ಕ್ಷಮಿಸಬೇಕು. ಇದನ್ನು ಇನ್ನೂ ಚೆನ್ನಾಗಿ ಹೇಳಬಲ್ಲವರು ಖಂಡಿತ ಇದ್ದಾರೆ. ಅವರು ಯಾರೂ ಹೇಳದೆ ಉಳಿದದ್ದರಿಂದ, ತಪ್ಪಾದೀತೆಂಬ ಅಳುಕಿನಲ್ಲೇ ಹೇಳಬೇಕಾಗಿದೆ.

ತೊಂಬತ್ತಾರನೇ ಇಸವಿಯ ಮಳೆಗಾಲ. ಮಾಕಳಿಯ ರಸ್ತೆ ಬದಿಯ ಶೆಡ್ಡಿನಲ್ಲಿ ಕೊಟ್ರಪ್ಪ ನೀರಿನ ಟ್ಯಾಂಕಿಗೆ ವೆಲ್ಡಿಂಗ್ ಮಾಡುತ್ತಿದ್ದ. ಕಪ್ಪು ಗಾಜು ಸರಿಸಿದಾಗ ಎದುರಿಗೆ ಪಕ್ಕದ ಮಿಲ್ಟ್ರಿ ಹೋಟೆಲಿನ ರತ್ನ. ಕಿಡಿ ಆರಿದ ಮೇಲೂ ಅವಳ ಮುಖದಲ್ಲಿ ಬೆಳಕು ಉಳಿದುಕೊಂಡಂತೆ ಅವನಿಗೆ ಕಂಡಿತು.

"ಅಣ್ಣಾ, ಉಪ್ಪುಕಂಡಕ್ಕೆ ಹೊಗೆ ಇಕ್ಕಾಕೆ ಒಂದು ಡ್ರಮ್ ಮಾಡ್ಕೊಡ್ತೀರಾ? ಗುಜರಿ ತಗಡಲ್ಲೇ ಆಗ್ಲಿ."

ಉಪ್ಪು, ಅರಿಶಿನ ಸವರಿದ ಮಟನ್ ತುಂಡುಗಳನ್ನು ದಾರಕ್ಕೆ ಪೋಣಿಸಿ ಸೌದೆ ಒಲೆಯ ಮೇಲೆ ತೂಗುಹಾಕುವುದು ಅವಳ ತಾಯಿ ಅನುಸೂಯಮ್ಮನ ರೂಢಿ. ಆ ಕಂಡದ ಸಾರು ಉಣ್ಣಲೆಂದೇ ಜನ ಬರುತ್ತಿದ್ದರು. ಊರೊಳಗಿನ ಮನೆ ಬಿಟ್ಟು ತಗಡಿನ ಅಂಗಡಿಗೆ ಬಂದ ಮೇಲೆ ಗ್ಯಾಸ್ ಒಲೆ. ಮಳೆಗೆ ಬಿಸಿಲೂ ಇಲ್ಲ. ಕಂಡಕ್ಕೆಲ್ಲ ಬೂಷ್ಟು.

"ಈ ಸಲಾನೂ ಕೆಟ್ರೆ ಅಂಗಡಿ ಮುಚ್ಚಿ ಕಾಡುಗೋಡಿ ಅಕ್ಕನ ಮನೆಗೆ ಓಗಾನ ಅಂತೈತೆ ಅಮ್ಮ. ಉಪ್ಪುಕಂಡ ಗೊತ್ತಲ್ವಾ ನಿಮ್ಗೆ?"

ಕೊಟ್ಟೂರಿನ ಕಡೆಯ ಕೊಟ್ರಪ್ಪ ಲಿಂಗ ಕಟ್ಟಿದವನು. ಉಸಿರು ಬಿಗಿಹಿಡಿದೇ ಆ ಹೋಟೆಲನ್ನು ದಾಟುತ್ತಿದ್ದ. ಆದರೆ ಗೊತ್ತಿಲ್ಲ ಎಂದರೆ ಅವಳು ಮುಂದಿನ ಶೆಡ್ಡಿಗೆ ಹೋಗಿಬಿಡುತ್ತಾಳೆ.

"ಗೊತ್ತೈತ್ರಿ. ಭಾಳ ಚೆನ್ನಾಗಿ ಗೊತ್ತೈತಿ," ಎಂದುಬಿಟ್ಟ.

ಗುಜರಿಯಿಂದ ಹಳೆ ಎಣ್ಣೆ ಡ್ರಮ್ಮು ತಂದ. ಒಳಗೆ ಹುಲ್ಲು ಸುಟ್ಟು ಜಿಡ್ಡು ತೆಗೆದ. ಮುರಿದ ಬೀರುವಿನ ಕೀಲು ಬಾಗಿಲಿಗಾಯಿತು, ಸೈಕಲ್ಲಿನ ಕಡ್ಡಿಗಳು ಬಾಗಿ ಕೊಕ್ಕೆಗಳಾದವು. ಸಂಜೆಯಾದರೆ ರತ್ನ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

"ಎಲ್ಲಿಗ್ ಬಂತು?"

"ನಾಳೆ ಆಗ್ತೈತ್ರಿ."

"ನಿಮ್ ನಾಳೆಗೆ ತುಕ್ಕು ಹಿಡೀತು."

ಅವಳು ಹೋದ ಮೇಲೆ, ಆಗಲೇ ನುಣ್ಣಗಿದ್ದ ಬೆಸುಗೆಯನ್ನು ಅವನು ಮತ್ತೆ ಉಜ್ಜುತ್ತಿದ್ದ. ಟ್ಯಾಂಕು ಮಾಡುವವನಿಗೆ ಸೋರದಿರುವುದೇ ಒಳ್ಳೆಯ ಕೆಲಸ. ಕೆಳಗೆ ಕೆಂಡಕ್ಕೊಂದು ಕಿಂಡಿ ಬಿಟ್ಟು, ಹೊಗೆ ಪೋಲಾಗದಂತೆ ಉಳಿದ ಸಂದುಗಳನ್ನೆಲ್ಲ ಮುಚ್ಚಿದ.

ಭಾನುವಾರ ಹೋಟೆಲಿನಲ್ಲಿ ಡ್ರಮ್ಮಿನ ಬಾಗಿಲು ತೆಗೆದರೆ ಕಂಡವೆಲ್ಲ ಟಾರು ಬಳಿದಂತೆ ಕಪ್ಪಗೆ, ಅಂಟಂಟು. ಅನುಸೂಯಮ್ಮ ಬಾಯಿಗಿಟ್ಟು ಉಗಿದಳು. "ಥೂ, ಬೇವು ಇದ್ದಂಗೈತೆ! ಸಾಮಾನ್ ಕಟ್ಟೇ."

ರತ್ನ ಒಂದು ತುಂಡು ಹಿಡಿದು ನೇರ ಶೆಡ್ಡಿಗೆ ಬಂದಳು. ಕಣ್ಣು ಕೆಂಪಾಗಿತ್ತು. "ಗೊತ್ತೈತಿ ಅಂದ್ರಲ್ಲ, ನೀವೇ ತಿಂದ್ ನೋಡಿ."

ಕೊಟ್ರಪ್ಪ ಅದನ್ನು ಕೈಗೆ ತೆಗೆದುಕೊಂಡ. ತುಟಿಯ ಹತ್ತಿರಕ್ಕೆ ಒಯ್ದ. ಅಂಗಿಯ ಕತ್ತಿನ ಗುಂಡಿ ಬಿಚ್ಚಿತ್ತು; ಶಿವದಾರ ಕಂಡಿತು. ರತ್ನ ತಟ್ಟನೆ ಅವನ ಮುಂಗೈ ಹಿಡಿದು ತುಂಡನ್ನು ಕಿತ್ತುಕೊಂಡಳು.

"ಅಯ್ಯೋ ಶಿವನೇ! ಮೊದ್ಲೇ ಯೋಳ್ಬಾರ್ದಾ?"

"ಹೇಳಿದ್ರ ಬ್ಯಾರೆ ವೆಲ್ಡರ್ ಕಡೆ ಹೋಗ್ತಿದ್ರಿ."

"ಓದ್ರೆ ನಿಮ್ಗೇನ್ ನಷ್ಟ?"

"ದಿನಾ ಬಂದು ಬೈಯೋರು ಯಾರಿರ್ತಿದ್ರು?"

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. ಮುಂಗೈ ಬಿಡುವುದು ಮರೆತಿತ್ತು, ಅವನೂ ನೆನಪಿಸಲಿಲ್ಲ.

"ಊರ ಮನೇಲಿ ಒಲೆ ಮೇಲೆ ಹೊಗೆ ಕೂರ್ತಿರ್ಲಿಲ್ಲ," ಎಂದಳು ಮೆಲ್ಲಗೆ. "ಕಂಡಾನ ಸವರ್ಕೊಂಡು ಹೆಂಚಿನ ಸಂದೀಲಿ ಓಗ್ಬಿಡ್ತಿತ್ತು. ನೀವು ಕೂಡಾಕ್ಬಿಟ್ರಿ."

ತನ್ನ ಅಚ್ಚುಕಟ್ಟು ಬೆಸುಗೆಗೆ ತಾನೇ ತೂತು ಕೊರೆಯುವಾಗ ಕೊಟ್ರಪ್ಪನಿಗೆ ಸಂಕಟವಾಯಿತು. ಆದರೂ ಕೊರೆದು, ಹಳೆಯ ಪೈಪೊಂದನ್ನು ಹೊಗೆಗೊಳವೆಯಾಗಿ ನಿಲ್ಲಿಸಿದ. ರುಚಿ ನೋಡದೆ ಮತ್ತೊಮ್ಮೆ ತಪ್ಪಾದರೆ? ಒಳಗೆ ನಡುವೆ ಒಂದು ತಗಡು ಬೆಸೆದ. ಕೆಳಗೆ ಕೆಂಡ ಒಂದೇ, ಮೇಲೆ ಕೋಣೆ ಎರಡು. ಹೊಗೆಯ ರುಚಿ ತಾನೂ ನೋಡಬಹುದೆಂದು ತನ್ನ ಪಾಲಿನ ಕೋಣೆಗೆ ಬದನೆಕಾಯಿ ಇಟ್ಟ.

ಮುಂದಿನ ಭಾನುವಾರ ಅನುಸೂಯಮ್ಮ ಇಣುಕಿ ನೋಡಿದಳು. "ಇದೇನ್ ಡ್ರಮ್ಮಾ, ವಠಾರಾನಾ?"

ಕಂಡ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅವಳು ಬಹಳ ಹೊತ್ತು ಅಗಿದಳು.

"ಕಾಡುಗೋಡಿಗೆ ಆಮೇಲ್ ಓಗಾನ," ಎಂದು ಇನ್ನೊಂದು ತುಂಡಿಗೆ ಕೈಚಾಚಿದಳು.

ರತ್ನ ಬದನೆಕಾಯಿಯನ್ನು ಹಸಿಮೆಣಸಿನ ಜೊತೆ ಕಿವುಚಿ ಬಾಳೆಲೆಯಲ್ಲಿ ತಂದಿಟ್ಟಳು. "ಪಾತ್ರೆ ಬೇರೆದೇ. ತಿನ್ನಿ."

ಒಂದು ತುತ್ತು ತಿಂದು ಅವನು ತಲೆಯೆತ್ತಿದ. "ಅಣ್ಣಾ ಅನ್ನೋದು ಬಿಟ್ರಿ ನೀವು."

"ಆವತ್ತೇ ಬಿಟ್ಟೆ. ಈಗ್ ಗೊತ್ತಾಯ್ತಾ?"

ಮರುವರ್ಷ ಅವರ ಮದುವೆಯಾಯಿತು. ಕೊಟ್ಟೂರಿನಿಂದ ಅವನ ತಾಯಿಯೊಬ್ಬಳೇ ಬಂದಳು. ಅದೇ ಡ್ರಮ್ಮಿನ ಬದನೆಕಾಯಿಯನ್ನು ರೊಟ್ಟಿಯ ಜೊತೆ ಉಂಡಳು, ಇನ್ನಷ್ಟು ಬಡಿಸಿಕೊಂಡಳು. ಡ್ರಮ್ಮಿನ ಪಕ್ಕದ ಕೋಣೆಯಲ್ಲಿ ಏನಿದೆ ಎಂದು ಕೇಳಲಿಲ್ಲ. ಗೊತ್ತಿದ್ದೇ ಸುಮ್ಮನಾದಳೋ, ಗೊತ್ತೇ ಆಗಲಿಲ್ಲವೋ, ಅದು ಮಾತ್ರ ಇಂದಿಗೂ ತಿಳಿದಿಲ್ಲ.