ಟೊಮಾಸಿ ಕಾವಲಿಗಿದ್ದ ಹೊತ್ತು

"ಕೈ ತೆಗೀರಿ!"

ಉನೈಸಿ ಬೆಚ್ಚಿಬಿದ್ದಳು. ಆ ಸೈನಿಕ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದ. ಅವಳ ಬೆರಳಿನ ಕೆಂಪು ಬಣ್ಣ ಅವನ ಕುತ್ತಿಗೆಗೆ ಇನ್ನೇನು ತಾಕಬೇಕಿತ್ತು.

ಸೈನಿಕನೆಂದರೆ ಸೈನಿಕನ ವೇಷ, ಅಷ್ಟೇ. ಸಿಂಗಾಟೋಕಾದ ಮರಳುದಿಬ್ಬಗಳನ್ನೇ ಇರಾಕಿನ ಮರುಭೂಮಿ ಮಾಡಿಕೊಂಡು ವಿದೇಶಿ ಕಂಪನಿಯೊಂದು ಯುದ್ಧದ ಸಿನಿಮಾ ತೆಗೆಯುತ್ತಿತ್ತು. ಫಿಜಿಯ ನಲವತ್ತು ಗಂಡಸರು ದಿನಕ್ಕೆರಡು ಸಲ ಸಾಯುತ್ತಿದ್ದರು. ಅವರ ಮೈಮೇಲೆ ಗಾಯ ಬರೆಯುವುದು ಉನೈಸಿಯ ಕೆಲಸ.

"ಕೈಗೆ ಮಾಡಿ, ಹೊಟ್ಟೆಗೆ ಮಾಡಿ... ಎಲ್ಲಿ ಬೇಕಾದ್ರೂ ಮಾಡಿ. ಕುತ್ತಿಗೆ ಬೇಡ."

"ನನಗೆ ಕೊಟ್ಟ ಚೀಟೀಲಿ ಕುತ್ತಿಗೆ ಅಂತಾನೇ ಇದೆಯಲ್ಲ..."

ಸಾಲಿನಲ್ಲಿ ಹಿಂದೆ ನಿಂತವನೊಬ್ಬ ಕೂಗಿದ. "ಏನೋ ಕೇಲಿ, ಸಾಯೋಕೂ ನಖರಾನಾ? ಮದುಮಗನ ಥರ ಕೂತಿದ್ದೀಯಲ್ಲೋ!"

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಕೆಂಪಗೆ ಬತ್ತಿಹೋದ ಕಣ್ಣುಗಳು...

'ಈ ಮನುಷ್ಯ ನಿದ್ದೆ ಮಾಡಿ ಎಷ್ಟು ದಿನವಾಯಿತೋ!' ಅಂದುಕೊಂಡಳು ಉನೈಸಿ. ಏನೂ ಕೇಳದೆ ಗಾಯವನ್ನು ಅವನ ಭುಜಕ್ಕೆ ಬರೆದಳು.

"ಯಾರಾದ್ರೂ ಕೇಳಿದ್ರೆ ನನ್ನದೇ ತಪ್ಪು ಅಂತೀನಿ, ಹೋಗಿ."

ಅವನು ಮೊದಲ ಸಲ ಅವಳ ಮುಖ ನೋಡಿದ.

ಅವನ ಪೂರ್ತಿ ಹೆಸರು ಇಸಿಕೇಲಿ. ಬ್ರಿಟಿಷ್ ಸೈನ್ಯಕ್ಕೆ ಸೇರಿದ ಎಷ್ಟೋ ಫಿಜಿ ಹುಡುಗರಂತೆ ಅವನೂ ಸೇರಿದ್ದ. ಇರಾಕಿನ ಬಸ್ರಾದಲ್ಲಿ ನಿಜವಾಗಿಯೂ ಆರು ತಿಂಗಳು ಕಳೆದಿದ್ದ. ಇದು ಅವಳಿಗೆ ಗೊತ್ತಾದದ್ದು ಎರಡು ವಾರದ ಮೇಲೆ. ಅಷ್ಟರಲ್ಲಿ ಮಧ್ಯಾಹ್ನದ ಊಟಕ್ಕೆ ಒಂದೇ ಮರದ ಕೆಳಗೆ ಕೂರುವುದು ಇಬ್ಬರಿಗೂ ಅಭ್ಯಾಸವಾಗಿತ್ತು.

"ಈ ಸಿನಿಮಾದಲ್ಲಿ ಏನು ತಪ್ಪಿದೆ ಹೇಳಿ," ಎಂದು ಒಂದು ದಿನ ಕೇಳಿದಳು.

"ಎಲ್ಲರೂ ಎಚ್ಚರವಾಗಿದ್ದಾರೆ."

"ಅಂದ್ರೆ?"

"ಸಿನಿಮಾದ ಸೈನಿಕರಿಗೆ ನಿದ್ದೆನೇ ಬರಲ್ಲ ನೋಡಿ. ಓಡ್ತಾರೆ, ಗೆಳೆಯನನ್ನ ಹೊತ್ಕೊಂಡು ಬರ್ತಾರೆ, ಭಾಷಣ ಮಾಡ್ತಾರೆ. ಪುಸ್ತಕಗಳಲ್ಲೂ ಅಷ್ಟೇ. ತುಂಬಾ ಓದಿದೀನಿ, ನಾನು ಸಿಗ್ತೀನೇನೋ ಅಂತ... ಅಲ್ಲಿ ನಮಗಿದ್ದದ್ದು ಸುಸ್ತು, ಉನೈಸಿ. ಬರೀ ಸುಸ್ತು. ನಿಂತಲ್ಲೇ ನಿದ್ದೆ ಹೋಗ್ತಿದ್ವಿ."

ಅವನು ತಟ್ಟೆಯ ಮರಗೆಣಸನ್ನು ಸುಮ್ಮನೆ ಮುರಿಯುತ್ತಿದ್ದ.

"ಟೊಮಾಸಿ ಅಂತ ಒಬ್ಬನಿದ್ದ. ಓವಲಾವು ದ್ವೀಪದವನು. ಅವತ್ತು ಮಧ್ಯಾಹ್ನದ ಕಾವಲು ನಂದು. ನಾನು ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. 'ಹೋಗಿ ಬಿದ್ಕೊಳೋ ಹಂದಿ, ನಾನು ನಿಲ್ತೀನಿ' ಅಂದ. ಹೋಗಿ ಮಲಗಿದೆ. ಫಿರಂಗಿಯ ಶೆಲ್ ಬಿತ್ತು... ಚೂರು ಅವನ ಕುತ್ತಿಗೆಗೆ."

"ನೀವು ಅವನ ಹತ್ರ ಓಡಿದ್ರಾ?"

"ನನಗೆ ಎಚ್ಚರಾನೇ ಆಗ್ಲಿಲ್ಲ."

ಉನೈಸಿ ತಟ್ಟೆಯನ್ನು ಕೆಳಗಿಟ್ಟಳು.

"ದಿನಾ ಹತ್ತು ಬೀಳ್ತಿದ್ವು. ಆ ಸದ್ದು ನಮಗೆ ಜೋಗುಳ ಆಗಿಹೋಗಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅವನು ಸಾಯ್ತಿದ್ದ, ನಾನು ಗೊರಕೆ ಹೊಡೀತಿದ್ದೆ. ಸಂಜೆ ಯಾರೋ ಕಾಲು ಅಲ್ಲಾಡಿಸಿ ಎಬ್ಬಿಸಿದಾಗ ಅವನನ್ನ ಬಟ್ಟೆಯಲ್ಲಿ ಸುತ್ತಿ ಆಗಿತ್ತು."

"ಅವರಮ್ಮನಿಗೆ ಏನು ಹೇಳಿದ್ರಿ?"

"ಏನೂ ಇಲ್ಲ. ಒಂಬತ್ತು ವರ್ಷ ಆಯ್ತು... ಆ ಊರಿಗೆ ಕಾಲಿಟ್ಟಿಲ್ಲ."

ಉನೈಸಿ ಅವನ ಕೈಮೇಲೆ ಕೈಯಿಟ್ಟಳು. ಕೆನ್ನೆ ಒದ್ದೆಯಾದದ್ದು ಅವಳಿಗೇ ತಿಳಿಯಲಿಲ್ಲ. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳು ಅವನಿಗೆ ಮನಸ್ಸು ಕೊಟ್ಟದ್ದು ಅವತ್ತೇ. ತಪ್ಪು ಮಾಡಿದ್ದೂ ಆ ಪ್ರೀತಿಯಿಂದಲೇ.

ಸಿನಿಮಾದ ನಿರ್ದೇಶಕ ಮರುದಿನ ಅವಳ ಡೇರೆಗೆ ಬಂದು, "ನಿಜ ಅನ್ನಿಸೋ ಒಂದು ದೃಶ್ಯವೂ ಸಿಗ್ತಿಲ್ಲ," ಎಂದು ತಲೆಯ ಮೇಲೆ ಕೈಹೊತ್ತು ಕೂತಾಗ ಅವಳು ತಡೆದುಕೊಳ್ಳದೆ ಹೇಳಿಬಿಟ್ಟಳು. ಯಾರ ಹೆಸರನ್ನೂ ಎತ್ತಲಿಲ್ಲ.

"ನಿದ್ದೆ ಹೋದವನನ್ನ ತೋರಿಸಿ ಸಾರ್. ತನ್ನ ಬದಲು ಕಾವಲು ನಿಂತ ಗೆಳೆಯ ಸತ್ರೂ ಎಚ್ಚರವಾಗದೇ ಇದ್ದವನನ್ನ. ಅದೇ ನಿಜ."

ನಾಲ್ಕು ದಿನಗಳ ಮೇಲೆ ಹೊಸ ದೃಶ್ಯ ಬಂತು. ನಾಯಕ ಮಲಗಿದ್ದಾನೆ. ಶೆಲ್ ಬೀಳುತ್ತದೆ. ದಿಗ್ಗನೆ ಎದ್ದು, ಬೆಂಕಿಯ ನಡುವೆ ಓಡಿ, ತನಗಾಗಿ ಕಾವಲು ನಿಂತಿದ್ದ ಗೆಳೆಯನನ್ನು ಮಡಿಲಿಗೆ ಎಳೆದುಕೊಳ್ಳುತ್ತಾನೆ. ಗೆಳೆಯ "ಅಮ್ಮನಿಗೆ ಹೇಳು..." ಎನ್ನುತ್ತಾ ಕಣ್ಣು ಮುಚ್ಚುತ್ತಾನೆ.

ಹಿಂದೆ ಗುಂಪಿನಲ್ಲಿ ನಿಂತಿದ್ದ ಇಸಿಕೇಲಿ ಕಲ್ಲಾಗಿಹೋದ. ನೆಟ್ಟಗೆ ಅವಳ ಹತ್ತಿರ ಬಂದ.

"ನೀವೇ ತಾನೆ ಹೇಳಿದ್ದು?"

"ಕೇಲಿ, ನಾನು ಹೀಗೆ ಹೇಳ್ಲಿಲ್ಲ! ನಾನು..."

"ಪಾಪ ಅನ್ನಿಸ್ತಾ ನನ್ನ ನೋಡಿ? ಹೀರೋ ಮಾಡಿಬಿಟ್ರಾ? ಇದು ನನ್ನ, ಟೊಮಾಸಿಯ ಕಥೆ ಅಂತ ಇಲ್ಲಿ ಯಾರಿಗೆ ಗೊತ್ತಾಗಲ್ಲ? ನಾಳೆ ಅವರಮ್ಮ ಇದನ್ನ ನೋಡ್ತಾರೆ. ಊರೆಲ್ಲ ನನ್ನ ಬೆನ್ನು ತಟ್ಟುತ್ತೆ. ನಾನು ನಿದ್ದೆ ಮಾಡ್ತಿದ್ದೆ ಉನೈಸಿ... ನಿದ್ದೆ!"

ಶಿರಸ್ತ್ರಾಣ ತೆಗೆದು ಮರಳಿನ ಮೇಲಿಟ್ಟು ನಡೆದುಬಿಟ್ಟ. ಅವಳು ಕೂಗಿದಳು. ಅವನು ತಿರುಗಲಿಲ್ಲ.

ಉನೈಸಿ ನಿರ್ದೇಶಕನ ಮುಂದೆ ನಿಂತಳು. "ಅವನು ಎದ್ದಿರಲಿಲ್ಲ ಸಾರ್. ದಯವಿಟ್ಟು ಬದಲಾಯಿಸಿ."

"ನಿದ್ದೆ ಮಾಡೋನನ್ನ ನೋಡೋಕೆ ಯಾರಮ್ಮ ಬರ್ತಾರೆ? ಜನ ಅಳಬೇಕು."

"ನಾನು ಅತ್ತೆನಲ್ಲ ಸಾರ್..."

ಅವನು ಗಡಿಯಾರ ನೋಡಿಕೊಂಡ. ಅವನೂ ದಣಿದಿದ್ದ. ಉನೈಸಿ ಬಣ್ಣದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಆ ಗಾಯ ಬೇರೆ ಯಾರಾದ್ರೂ ಬರೀಲಿ."

ಮೂರು ದಿನ ಇಸಿಕೇಲಿಯ ಸುಳಿವಿಲ್ಲ. ಉನೈಸಿ ಅವನ ಮನೆಗೇ ಹುಡುಕಿಕೊಂಡು ಹೋದಳು. ಅಲ್ಲಿ ಅವನ ಚಿಕ್ಕಮ್ಮ, "ಬೇರು ಕೊಂಡ್ಕೊಂಡು ನಾಟೋವಿ ಹಡಗುಕಟ್ಟೆಗೆ ಹೋದ ಕಣಮ್ಮ," ಎಂದಾಗ ಉನೈಸಿಗೆ ಎಲ್ಲ ಅರ್ಥವಾಯಿತು. ಓವಲಾವಿಗೆ ಹಡಗು ಹೊರಡುವುದು ಅಲ್ಲಿಂದಲೇ. ತಪ್ಪೊಪ್ಪಿಕೊಳ್ಳಲು ಹೋಗುವವನು ಕಾಣಿಕೆಯಾಗಿ ಯಂಗೋನಾ ಎಂಬ ಪಾನೀಯದ ಬೇರಿಲ್ಲದೆ ಬರಿಗೈಯಲ್ಲಿ ಹೋಗುವಂತಿಲ್ಲ.

ಅವನು ಅಲ್ಲೇ ಇದ್ದ. ಬೇರಿನ ಕಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ನಿನ್ನೆಯ ಹಡಗೂ ಬಿಟ್ಟೆ," ಎಂದ, ಅವಳನ್ನು ನೋಡದೆ. "ಹತ್ತೋಕಾಗ್ಲಿಲ್ಲ."

"ನಾನು ನಿಜಾನೇ ಹೇಳಿದ್ದೆ ಕೇಲಿ. ತಿರುಚಿದ್ದು ಅವರು. ಆದ್ರೆ... ಅದನ್ನ ಹೇಳೋ ಹಕ್ಕು ನನಗಿರಲಿಲ್ಲ. ನನ್ನದು ತಪ್ಪು. ಅದಕ್ಕೆ ಕ್ಷಮೆ ಕೇಳೋಕೆ ಬಂದೆ."

ಅವನು ಅವಳ ಕಡೆ ತಿರುಗಿದ.

"ಕೆಲಸ?"

"ಬಿಟ್ಟೆ."

"ಹುಚ್ಚಿ..."

"ಜೊತೆಗೆ ಬರ್ಲಾ?"

ಅವನು ಕಟ್ಟನ್ನು ಆಚೆಗೆ ಸರಿಸಿ ಜಾಗ ಮಾಡಿದ.

ಓವಲಾವಿನ ಮನೆಯಲ್ಲಿ ಟೊಮಾಸಿಯ ತಾಯಿ ಲೂಸಿಯಾನಾ ಚಾಪೆ ಹೆಣೆಯುತ್ತಾ ಕೂತಿದ್ದಳು. ಇಸಿಕೇಲಿ ಬಾಗಿ ಒಳಗೆ ಬಂದು, ಬೇರನ್ನು ಅವಳ ಮುಂದಿಟ್ಟು, ತಲೆಯೆತ್ತದೆ ಸಿನಿಮಾದವರೆಗೂ ಎಲ್ಲವನ್ನೂ ಹೇಳಿದ. ಉನೈಸಿ ಬಾಗಿಲ ಬಳಿಯೇ ಕೂತಳು.

ಮುದುಕಿಯ ಕೈ ನಿಂತಿತು. "ನಿದ್ದೆ ಮಾಡ್ತಿದ್ದೆಯಾ?"

"ಹೌದು ಅಮ್ಮ."

"ಚೆನ್ನಾಗಿ ಬಂದಿತ್ತಾ ನಿದ್ದೆ?"

ಅವನು ಗೊಂದಲದಿಂದ ನೋಡಿದ. "...ಹೌದು."

"ನನ್ನ ಮಗ ಕೊನೇಗೆ ನಿನಗೆ ಕೊಟ್ಟದ್ದು ಅದೊಂದೇ. ಅದನ್ನ ಕಳ್ಳಮಾಲಿನ ಥರ ಬಚ್ಚಿಟ್ಕೊಂಡಿದ್ದೀಯಲ್ಲೋ!"

ಮುಷ್ಟಿ ಕಟ್ಟಿ ಅವನ ಬೆನ್ನಿಗೆ ಗುದ್ದಿದಳು. ಒಂದು ಸಲ, ಎರಡು ಸಲ. ಆಮೇಲೆ ಆ ಕೈ ಅಲ್ಲೇ ಉಳಿಯಿತು.

"ನನ್ನ ಸಿಟ್ಟು ನಿದ್ದೆಗಲ್ಲ. ಒಂಬತ್ತು ವರ್ಷ ಬರ್ಲಿಲ್ವಲ್ಲ, ಅದಕ್ಕೆ. ಅವನ ಬಗ್ಗೆ ಮಾತಾಡೋಕೆ ನನಗೆ ಯಾರಿದ್ರೋ? ಸಿನಿಮಾ ಬರ್ಲಿ ಬಿಡು, ಅದರಲ್ಲಿ ಸಾಯೋನು ಯಾರೋ ಬೇರೆ ಹುಡುಗ. ನೀನು ನನ್ನ ಹುಡುಗನ ವಿಷಯ ಹೇಳು. ಅಲ್ಲಿ ಹಾಡ್ತಿದ್ನಾ? ಏನು ತಿಂತಿದ್ದ?"

ಬೇರಿನ ಕಟ್ಟನ್ನು ಅವಳು ಮಡಿಲಿಗೆ ತೆಗೆದುಕೊಂಡಳು. ಬೇರು ಸ್ವೀಕರಿಸಿದಳೆಂದರೆ ಕ್ಷಮಿಸಿದ್ದಳು! ಇಸಿಕೇಲಿ ಮಗುವಿನಂತೆ ಅತ್ತ. ಆಮೇಲೆ ಹೇಳುತ್ತಾ ಹೋದ. ಸ್ವಲ್ಪ ಹೊತ್ತಿಗೆ ಟೊಮಾಸಿಯ ಅಪಸ್ವರದ ಹಾಡಿನ ಮಾತು ಬಂದು ಮುದುಕಿ ಹೊಟ್ಟೆ ಹಿಡಿದು ನಕ್ಕಳು.

ಬಿಸಿಲು ಇಳಿಯುವಾಗ ಇಸಿಕೇಲಿ, ಉನೈಸಿ ಇಬ್ಬರೂ ಸಮುದ್ರದ ಕಡೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಉನೈಸಿ... ನೀವಂದ್ರೆ ನನಗೆ ತುಂಬಾ ಇಷ್ಟ. ಆದ್ರೆ ನನ್ನ ಜೊತೆ ಬದುಕೋದು ಸುಲಭ ಅಲ್ಲ. ಕೆಲವು ದಿನ ಮಾತೇ ಆಡಲ್ಲ ನಾನು."

"ನಾನೇನು ದಿನಾ ಕುಣಿದು ತೋರಿಸು ಅಂದ್ನಾ? ನನಗೂ ಸುಸ್ತಾಗಿದೆ ಕೇಲಿ."

ಅವನು ನಕ್ಕ. ಆ ನಗು ಎಷ್ಟು ಚೆಂದವಿತ್ತು!

"ಹಾಗಾದ್ರೆ... ಇರ್ತೀರಾ?"

"ಮೊದಲು ಆ ಬಹುವಚನ ಬಿಡು."

"ಇರ್ತೀಯಾ?"

"ಇರ್ತೀನಿ ಕಣೋ."

ಒಳಗಿಂದ ಲೂಸಿಯಾನಾಳ ದನಿ ಬಂತು. "ಏಯ್, ಚಹಾ ಆರಿಹೋಗ್ತಿದೆ! ಆ ಹುಡುಗೀನೂ ಕರ್ಕೊಂಡು ಬಾರೋ!"

ಅವನಿಗಿಂತ ಮೊದಲೇ ಉನೈಸಿ ಉತ್ತರಿಸಿದಳು.

"ಬಂದ್ವಿ ಅಮ್ಮಾ!"