ಹಾರ್ಗೇಟ್ ಕೌಂಟಿಗೆ ಬೇಕಾದ ಹನ್ನೊಂದು ಜನ

ಹಾರ್ಗೇಟ್ ಕೌಂಟಿಗೆ ಹನ್ನೊಂದು ಜನ ಕಡಿಮೆ ಬಿದ್ದಿದ್ದರು.

ಅದು ೧೯೫೦ರ ಏಪ್ರಿಲ್. ಅಮೆರಿಕದುದ್ದಕ್ಕೂ ಜನಗಣತಿ ನಡೆದಿತ್ತು. ರಾಕಿ ಬೆಟ್ಟಗಳ ನಡುವೆ ಸಿಕ್ಕಿಕೊಂಡ ಈ ಪುಟ್ಟ ಕೌಂಟಿಯಲ್ಲಿ ತಲೆ ಎರಡು ಸಾವಿರಕ್ಕಿಂತ ಕಡಿಮೆಯಾದರೆ ಅದನ್ನು ಅಳಿಸಿ, ಘಾಟಿಯಾಚೆಯ ಕೌಂಟಿಗೆ ಸೇರಿಸುವುದೆಂದು ಮೇಲಿನವರು ಮೊದಲೇ ಹೇಳಿಬಿಟ್ಟಿದ್ದರು. ಹಾಗಾದರೆ ಕೋರ್ಟು ಹೋಯಿತು, ಆಸ್ಪತ್ರೆ ಹೋಯಿತು, ಹೈಸ್ಕೂಲೂ ಹೋಯಿತು. ಚಳಿಗಾಲದಲ್ಲಿ ಹೆರಿಗೆ ನೋವು ಬಂದ ಹೆಂಗಸು ಹಿಮ ತುಂಬಿದ ಘಾಟಿ ದಾಟಿ ಹೋಗಬೇಕು.

ಎಣಿಸದೆ ಉಳಿದ ಜಾಗ ಒಂದೇ ಒಂದು. ಸ್ಯಾಡಲ್ ಬೆಟ್ಟದ ಆಚೆ, ಕಯೂಸ್ ಹೊಳೆಯ ಕಂದರದ ತಳದಲ್ಲಿರುವ ಪ್ಲೆಂಟಿ. ಹೆಸರಿಗೆ ತಕ್ಕಂತೆ ಒಂದು ಕಾಲಕ್ಕೆ ಅಲ್ಲಿ ಎಲ್ಲವೂ ಬೇಕಾದಷ್ಟಿತ್ತು. ಚಿನ್ನ, ಹೆಂಡ, ಹೊಡೆದಾಟ, ನಾಟಕಶಾಲೆ, ಸಾವಿರಗಟ್ಟಲೆ ಜನ. ಚಿನ್ನ ಮುಗಿದ ಮೇಲೆ ಜನ ಮುಗಿದರು. ಈಗ ಅಲ್ಲಿ ಯಾರಿದ್ದಾರೆ, ಎಷ್ಟಿದ್ದಾರೆ, ಯಾರಿಗೂ ಗೊತ್ತಿಲ್ಲ. ಹೋದ ಚಳಿಗಾಲದ ಹಿಮಕುಸಿತ ಅಲ್ಲಿಗಿದ್ದ ರಸ್ತೆಯನ್ನೇ ನುಂಗಿತ್ತು. ರಸ್ತೆ ತೆರೆಯುವುದು ಜೂನಿನಲ್ಲಿ, ಲೆಕ್ಕ ಒಪ್ಪಿಸಬೇಕಾದದ್ದು ಏಪ್ರಿಲ್ ಮುಗಿಯುವುದರೊಳಗೆ.

"ನಾನು ಹೋಗ್ತೀನಿ," ಅಂದಳು ಲಿಯೋಟಾ ಬ್ರಾಂಡ್ವೋಲ್ಡ್.

ಲಿಯೋಟಾ ಶಾಲೆಯ ಬಸ್ಸು ಓಡಿಸುವವಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಯುದ್ಧದಲ್ಲಿ ತೀರಿಹೋಗಿದ್ದ. ಕೌಂಟಿಯ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದೆಲ್ಲ ಗೊತ್ತಿದ್ದದ್ದರಿಂದ ಗಣತಿ ಕೆಲಸ ಅವಳ ಪಾಲಿಗೆ ಬಂದಿತ್ತು. ಅವಳು ಹೊರಟಳೆಂದರೆ ಮೈದುನ ಆರ್ವಲ್ ಸುಮ್ಮನಿರುತ್ತಾನೆಯೇ? ಅವನು ಹೊಳೆಯಲ್ಲಿ ದೋಣಿ ನಡೆಸುವವನು. ದೋಣಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ದಾರಿ ತೋರಿಸಲು ಸ್ಪೇನ್ ಕಡೆಯಿಂದ ಬಂದ ಬಾಸ್ಕ್ ಕುರಿಗಾರ ಫರ್ಮಿನ್ ಉರ್ಕಿದಿ ಒಪ್ಪಿಕೊಂಡ. ಅರವತ್ತರ ಹತ್ತಿರದ ಮನುಷ್ಯ, ಮಾತು ಬಲು ಕಡಿಮೆ. ಕೈಯಲ್ಲಿ ಸದಾ ಕುರಿಯ ಕಾಲಿಗೆ ಹಾಕಿ ಎಳೆಯುವ ಕೊಕ್ಕೆಕೋಲು.

ನಸುಕಿನಲ್ಲೇ ಹೊರಟರು. ಬೆನ್ನಿಗೆ ಬೀನ್ಸ್ ಕಾಳು, ಹಂದಿಮಾಂಸ, ಹುಳಿಹಿಟ್ಟಿನ ರೊಟ್ಟಿ, ಕಾಫಿ ಕುಡಿಕೆ. ಕಾಲಿಗೆ ಹಿಮದಲ್ಲಿ ಹೂತುಹೋಗದ ಅಗಲ ಜಾಳಿಗೆ ಮೆಟ್ಟು. ಲಿಯೋಟಾಳ ಹೆಗಲಿಗೆ ಮೇಣ ಬಳಿದ ಕ್ಯಾನ್ವಾಸ್ ಚೀಲ, ಅದರೊಳಗೆ ಗಣತಿಯ ಹಾಳೆಗಳು.

ಮೊದಲು ಸಿಕ್ಕಿದ್ದು ಟ್ಯಾಮರಾಕ್ ಮರಗಳ ಕಾಡು. ಚಳಿಗೆ ಎಲೆ ಉದುರಿಸಿ ನಿಂತಿದ್ದ ಆ ಮರಗಳ ತುದಿಯಲ್ಲಿ ಈಗಷ್ಟೇ ಹಸಿರಿನ ನುಣ್ಣನೆಯ ತುಪ್ಪಳ ಹುಟ್ಟಿತ್ತು. ಮೇಲೇರಿದಂತೆ ಮರಗಳು ಕುಳ್ಳಾಗಿ, ಕೊನೆಗೆ ಬರೀ ಬಿಳುಪು ಉಳಿಯಿತು. ತಿರುಗಿ ನೋಡಿದರೆ ಕೆಳಗೆ ಇಡೀ ಕೌಂಟಿ ಬಿಚ್ಚಿಟ್ಟ ಕೌದಿಯ ಹಾಗೆ. ಹುಲ್ಲುಗಾವಲಿನ ಕಂದು, ಗೋಧಿ ಹೊಲದ ಎಳೆ ಹಸಿರು, ನಡುವೆ ಹೊಳೆಯ ಬೆಳ್ಳಿ ಹೊಲಿಗೆ. ಎಷ್ಟು ದೊಡ್ಡ ನೆಲ, ಎಷ್ಟು ಕಡಿಮೆ ಹೊಗೆಗೂಡು! ಲಿಯೋಟಾ ಒಂದೊಂದು ಹೊಗೆಯನ್ನೂ ಗುರುತು ಹಿಡಿದು ಮನೆಯವರ ಹೆಸರು ಹೇಳುತ್ತ ಹೋದಳು. ಆರ್ವಲ್ ಪ್ರತಿ ಹೆಸರಿಗೂ ಒಂದೊಂದು ಚಾಡಿ ಸೇರಿಸಿದ.

ಸ್ಯಾಡಲ್ ದಾಟುವಾಗ ಫರ್ಮಿನ್ ಕೈ ಎತ್ತಿದ. ಎಲ್ಲರೂ ನಿಂತರು.

ಮುಂದೆ ಇಳಿಜಾರು. ಮೇಲೆ, ಗಾಳಿ ಕಟ್ಟಿದ ಹಿಮದ ಸೂರು.

"ಒಬ್ಬೊಬ್ರೇ," ಅಂದ ಫರ್ಮಿನ್. "ಮಾತು ಬೇಡ." ಅಂದು ಆರ್ವಲ್ ಕಡೆ ನೋಡಿದ.

ಫರ್ಮಿನ್ ದಾಟಿದ. ಲಿಯೋಟಾ ದಾಟಿದಳು. ಆರ್ವಲ್ ನಡುವೆ ಬಂದಿದ್ದಾಗ ಮೇಲೆಲ್ಲೋ ಬಟ್ಟೆ ಹರಿದ ಹಾಗೆ ಸದ್ದಾಯಿತು.

ಅವನು ಓಡಿದ. ಜಾಳಿಗೆ ಮೆಟ್ಟಿನಲ್ಲಿ ಬಾತುಕೋಳಿಯ ಹಾಗೆ ಓಡಿದ. ಹಿಂದೆ ಇಳಿಜಾರಿಗೆ ಇಳಿಜಾರೇ ಜಾರಿತು. ಕೊನೆಯ ಮಾರು ದೂರ ಅವನು ಹಾರಿ ಬಿದ್ದ. ಲಿಯೋಟಾ ಅವನ ಕಾಲರು ಹಿಡಿದು ಬಂಡೆಯ ಮರೆಗೆ ಎಳೆದಳು. ಹಿಮ ಗುಡುಗುತ್ತ ಕೆಳಗೆ ಹೋಯಿತು. ಆಮೇಲೆ ಎಲ್ಲ ನಿಶ್ಶಬ್ದ.

ಆರ್ವಲ್ ಬಾಯಿಂದ ಹಿಮ ಉಗಿದು ಕೂತ.

"ನಾನು ಮಾತಾಡ್ಲಿಲ್ಲ," ಅಂದ. "ಫರ್ಮಿನ್, ನೀನೇ ಸಾಕ್ಷಿ. ಒಂದು ಮಾತೂ ಆಡ್ಲಿಲ್ಲ."

ಆ ದಿನ ಮೊದಲ ಸಲ ಫರ್ಮಿನ್ ನಕ್ಕ.

ಕಂದರಕ್ಕೆ ಇಳಿಯುವುದರಲ್ಲಿ ಮಧ್ಯಾಹ್ನ ಕಳೆಯಿತು. ಕೆಳಗೆ ಬೇರೆಯೇ ಋತು. ಬಿಸಿಲು ಬೆಚ್ಚಗಿತ್ತು. ಗಣಿಗಾರರು ಎಂದೋ ತಿಂದು ಎಸೆದ ಬೀಜದಿಂದ ಬೆಳೆದ ಸೇಬಿನ ಮರಗಳು ಮೊಗ್ಗು ಬಿಟ್ಟಿದ್ದವು. ಸೂರು ಬಿದ್ದ ನಾಟಕಶಾಲೆಯ ವೇದಿಕೆಯ ಮೇಲೆ ಜಿಂಕೆಯೊಂದು ನಿಂತು ಬಂದವರನ್ನು ನೋಡಿತು. ಆಮೇಲೆ ನಾಯಿ, ನಾಯಿಯ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಊರಿಗೆ ಊರೇ ಓಡಿ ಬಂತು.

ಊರೆಂದರೆ ಇಷ್ಟೇ. ಸ್ಟೋವರ್ ದಂಪತಿ, ಅವರ ನಾಲ್ಕು ಮಕ್ಕಳು. ಗಿರಾಕಿಯೇ ಇಲ್ಲದ ಹೋಟೆಲನ್ನು ಇನ್ನೂ ದಿನಾ ಗುಡಿಸುವ ಅಮಾಬೆಲ್, ಕೋರ್ಡಾ ಎಂಬ ಮುದಿ ಅಕ್ಕತಂಗಿಯರು. ಮರಳು ಜಾಲಾಡಿ ಚಿನ್ನದ ಪುಡಿ ಹುಡುಕುವ ಝೀಬ್ ಹ್ಯಾಕೆಟ್. ಒಟ್ಟು ಒಂಬತ್ತು. ಎಲ್ಲರೂ ಎಣಿಸಿಕೊಳ್ಳಲು ಒಬ್ಬರನ್ನೊಬ್ಬರು ತಳ್ಳಿಕೊಂಡು ನಿಂತರು. ಅಮಾಬೆಲ್ ವಯಸ್ಸು ಹೇಳುವಾಗ ತಂಗಿಗಿಂತ ಕಿರಿಯಳಾಗಿಬಿಟ್ಟಳು. ಅದರ ಜಗಳ ಊಟದವರೆಗೂ ನಡೆಯಿತು.

ಹೋಟೆಲಿನ ಉದ್ದ ಮೇಜಿನ ಮೇಲೆ ಜಿಂಕೆ ಮಾಂಸ, ಆಲೂಗಡ್ಡೆ. ಲಿಯೋಟಾಳಿಗೆ ಊಟ ಸೇರಲಿಲ್ಲ. ಇನ್ನೂ ಇಬ್ಬರು ಕಡಿಮೆ. ಎದುರಿಗೆ ಫರ್ಮಿನ್ ಸದ್ದಿಲ್ಲದೆ ರೊಟ್ಟಿ ಮುರಿಯುತ್ತಿದ್ದ. ಅವಳು ತಟ್ಟನೆ ತಲೆ ಎತ್ತಿದಳು.

"ಫರ್ಮಿನ್, ಗಣತಿಯ ದಿನ, ತಿಂಗಳ ಮೊದಲ್ನೇ ತಾರೀಖು, ನೀವೆಲ್ಲಿದ್ರಿ?"

"ದಕ್ಷಿಣದ ಗುಡ್ಡದಲ್ಲಿ. ಕುರಿ ಜೊತೆ."

"ಯಾರಾದ್ರೂ ಬಂದು ನಿಮ್ಮನ್ನ ಬರ್ಕೊಂಡ್ರಾ?"

ಫರ್ಮಿನ್ ಯೋಚಿಸಿದ. "ನರಿ ಬಂದಿತ್ತು," ಅಂದ. "ಏನೂ ಬರ್ಕೊಳ್ಳಲಿಲ್ಲ."

ಆರ್ವಲ್ ನಕ್ಕ ನಗೆಗೆ ಕುರ್ಚಿಯ ಕಾಲು ಮುರಿಯಿತು. ಹತ್ತನೆಯವನು ಇಡೀ ದಾರಿ ಅವರ ಮುಂದೆಯೇ ನಡೆದು ಬಂದಿದ್ದ!

ಉಳಿದದ್ದು ಒಬ್ಬರು. ಕೋರ್ಡಾ ಮೆಲ್ಲಗೆ ಹೇಳಿದಳು: ಹೊಳೆಯ ತಿರುವಿನಲ್ಲಿ ಹೆನ್ರಿ ಲಮ್ ಇದ್ದಾನೆ, ಆದರೆ ಅವನು ಸಿಗುವವನಲ್ಲ.

ಮರುದಿನ ಬೆಳಿಗ್ಗೆ ಲಿಯೋಟಾ ಒಬ್ಬಳೇ ಹೋದಳು. ಕಲ್ಲುಗೋಡೆ ಕಟ್ಟಿದ ಅಚ್ಚುಕಟ್ಟಾದ ತರಕಾರಿ ಮಡಿ, ದಡದಲ್ಲಿ ಚಪ್ಪಟೆ ತಳದ ದೊಡ್ಡ ದೋಣಿ. ಎಪ್ಪತ್ತರ ಮುದುಕ ದೋಣಿಗೆ ಡಾಂಬರು ಬಳಿಯುತ್ತಿದ್ದ. ಅವಳ ಚೀಲ ನೋಡಿ ಕೈ ನಿಲ್ಲಿಸಿದ.

ಲೆಕ್ಕಕ್ಕೆ ಯಾಕೆ ಸಿಗುವುದಿಲ್ಲವೆಂದು ಅವನೇ ಹೇಳಿದ. ಅವನ ಅಪ್ಪ ಚೀನಾದಿಂದ ಚಿನ್ನಕ್ಕಾಗಿ ಬಂದವನು. ಇಂಥ ಸಾವಿರಾರು ಜನ ಈ ಕಂದರದಲ್ಲಿ ಕಾಲುವೆ ತೋಡಿ ಬದುಕಿದ್ದರು. ಹೆನ್ರಿ ಹುಡುಗನಾಗಿದ್ದಾಗ ಹೀಗೆಯೇ ಕೆಲವರು ಎಣಿಸಲು ಬಂದರು, ಮನೆ ಮನೆಯಲ್ಲೂ ಎಷ್ಟು ಚೀನೀಯರಿದ್ದಾರೆಂದು ಬರೆದುಕೊಂಡು ಹೋದರು. ವಾರದೊಳಗೆ ಬಂದೂಕು ಹಿಡಿದವರು ಅದೇ ಮನೆಗಳಿಗೆ ಬಂದು ಎಲ್ಲರನ್ನೂ ಹೊಡೆದೋಡಿಸಿದರು. ಹೆನ್ರಿ ಅಪ್ಪನ ಜೊತೆ ಕಾಲುವೆಯ ಸುರಂಗದಲ್ಲಿ ಅಡಗಿ ಉಳಿದ. ಅಂದಿನಿಂದ ಎಣಿಸುವವರು ಬಂದಾಗಲೆಲ್ಲ ಅವನ ಬಾಗಿಲು ಮುಚ್ಚಿಯೇ ಇರುತ್ತಿತ್ತು.

"ನಿನ್ನ ಮೇಲೆ ಕೋಪ ಇಲ್ಲ ಕಣಮ್ಮ," ಅಂದ. "ಊಟ ಕೇಳು, ಹಾಕ್ತೀನಿ. ಹೊಳೆ ದಾಟ್ಸು ಅನ್ನು, ದಾಟಿಸ್ತೀನಿ. ಲೆಕ್ಕಕ್ಕೆ ಮಾತ್ರ ಸಿಗಲ್ಲ."

ಕೌಂಟಿಯ ಗತಿಯೆಲ್ಲ ಲಿಯೋಟಾಳ ನಾಲಿಗೆಯ ತುದಿಯಲ್ಲಿತ್ತು. ಆಸ್ಪತ್ರೆ, ಶಾಲೆ, ಎಲ್ಲ ಹೇಳಬಹುದಿತ್ತು. ಅವಳು ಆ ಮುದುಕನ ಡಾಂಬರು ಮೆತ್ತಿದ ಕೈ ನೋಡಿದಳು.

"ಆಯ್ತು. ಬರೆಯಲ್ಲ," ಅಂದಳು. ಚೀಲದ ಬಾಯಿ ಕಟ್ಟಿಬಿಟ್ಟಳು.

ಆರ್ವಲ್ ಇದನ್ನು ಕೇಳಿ ತಲೆ ಚಚ್ಚಿಕೊಂಡ. ಆದರೆ ಅದಕ್ಕಿಂತ ದೊಡ್ಡ ಆಪತ್ತು ಆಗಲೇ ಬಂದಾಗಿತ್ತು. ಹೊತ್ತು ಏರುವ ಮುಂಚೆ ಪಡುವಣದಿಂದ ಬಿಸಿಗಾಳಿ ಬೀಸಿತು. ಸ್ಯಾಡಲ್ ಮೇಲಿಂದ ಹಿಮ ಜರಿಯುವ ಗುಡುಗು ಒಂದರ ಮೇಲೊಂದು ಕೇಳಿಸಿತು. ಬಂದ ದಾರಿ ಇನ್ನಿಲ್ಲ. ಉಳಿದದ್ದು ಪಟ್ಟಣದ ಕಡೆ ಹರಿಯುವ ಹೊಳೆ. ಇಡೀ ಪ್ಲೆಂಟಿಯಲ್ಲಿ ದೋಣಿಯಿದ್ದದ್ದು ಒಂದೇ.

ಹೆನ್ರಿ ದೋಣಿ ಕೊಡಲು ಒಪ್ಪಲಿಲ್ಲ. ತಾನೇ ಬರುತ್ತೇನೆಂದ.

ಮುಂದಿನ ಹುಟ್ಟು ಆರ್ವಲ್‌ಗೆ, ಹಿಂದಿನದು ಹೆನ್ರಿಗೆ. ದೋಣಿ ದಡ ಬಿಡುವ ಮೊದಲೇ ಇಬ್ಬರಿಗೂ ಜಗಳ ಹತ್ತಿತು. ಎಡಕ್ಕೆ ಅನ್ನುವವನು ಒಬ್ಬ, ಬಲಕ್ಕೆ ಅನ್ನುವವನು ಇನ್ನೊಬ್ಬ. ಮಕ್ಕಳು ದಡದಲ್ಲಿ ಓಡುತ್ತ ಕೈಬೀಸಿದರು.

ಕರಗಿದ ಹಿಮ ಕುಡಿದು ಹೊಳೆ ಹಸಿರಾಗಿ ಉಬ್ಬಿತ್ತು. ಎರಡೂ ಕಡೆ ಕಪ್ಪು ಕಲ್ಲಿನ ಗೋಡೆ ಆಕಾಶವನ್ನು ಒಂದು ಪಟ್ಟಿಯಷ್ಟು ಮಾತ್ರ ಉಳಿಸಿತ್ತು. ಗೋಡೆಯ ನಡುಮಟ್ಟದಲ್ಲಿ ಚೀನೀಯರು ಉಳಿಯಿಂದ ಕಡಿದ ಹಳೆಯ ಕಾಲುವೆಯ ಗೆರೆ ಮೈಲಿಗಟ್ಟಲೆ ಜೊತೆಗೇ ಬಂತು. ಒಂದು ಕಡೆ ಹೆನ್ರಿ ಗಲ್ಲ ಎತ್ತಿ ತೋರಿಸಿದ. ಅಪ್ಪನ ಕೈಕೆಲಸ ಅಂದ. ಫರ್ಮಿನ್ ಟೋಪಿ ತೆಗೆದ.

ಆಮೇಲೆ ಸದ್ದು ಕೇಳಿಸಿತು. ಕಡೆಗಡಿಗೆ ಎಂದು ಅದರ ಹೆಸರು. ಹೊಳೆ ಮಜ್ಜಿಗೆಯಾಗಿ ಕಡೆದು ಬೀಳುವ ಜಾಗ.

"ಬಲಕ್ಕೆ!" ಹೆನ್ರಿ ಕೂಗಿದ. ಈ ಸಲ ಆರ್ವಲ್ ಎದುರಾಡಲಿಲ್ಲ.

ದೋಣಿ ಮೂತಿ ಎತ್ತಿತು. ಬಿತ್ತು. ಮತ್ತೆ ಎತ್ತಿತು.

ಮೊದಲ ಬಂಡೆ ತಪ್ಪಿತು. ಎರಡನೆಯದಕ್ಕೆ ದೋಣಿಯ ಪಕ್ಕ ತಗುಲಿತು. ಲಿಯೋಟಾ ಚೀಲದ ಸಮೇತ ನೀರಿಗೆ ಹಾರಿ ಬಿದ್ದಳು.

ಕಿವಿಯಲ್ಲಿ ಮಂಜುನೀರು. ಕಣ್ಣಿಗೆ ಹಸಿರು. ಏನೋ ಒಂದು ಅವಳ ಸೊಂಟಪಟ್ಟಿಗೆ ಕೊಕ್ಕೆ ಹಾಕಿತು. ಫರ್ಮಿನ್ ಅವಳನ್ನು ಹಠಮಾರಿ ಕುರಿಯನ್ನು ಎಳೆದ ಹಾಗೆಯೇ ಎಳೆದು ದೋಣಿಗೆ ಹಾಕಿದ.

"ಚೀಲ," ಅಂದಳು ಲಿಯೋಟಾ, ಹಲ್ಲು ಕಟಕಟಿಸುತ್ತ. "ಚೀಲ."

ಚೀಲ ಬಂಡೆಯ ಹಿಂದಿನ ಸುಳಿಯಲ್ಲಿ ಗಿರಗಿರ ತಿರುಗುತ್ತಿತ್ತು. ಹುಟ್ಟು ಮುಟ್ಟುವಷ್ಟು ಹತ್ತಿರವಿಲ್ಲ. ಸುಳಿ ಅದನ್ನು ಯಾವ ಗಳಿಗೆಯಲ್ಲಾದರೂ ನುಂಗಬಹುದು. ಹೆನ್ರಿ ತನ್ನ ಹುಟ್ಟನ್ನು ಆರ್ವಲ್ ಕೈಗೆ ತುರುಕಿದ. ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಬಂಡೆಗೆ ಜಿಗಿದ. ಎದೆಮಟ್ಟ ನೀರಿಗಿಳಿದು ಒಂದು ಕೈಯಿಂದ ಕಲ್ಲಿನ ಬಿರುಕು ಹಿಡಿದ, ಇನ್ನೊಂದನ್ನು ಚಾಚಿದ. ಚೀಲ ಒಂದು ಸುತ್ತು ತಪ್ಪಿಸಿಕೊಂಡಿತು. ಎರಡನೆಯ ಸುತ್ತಿಗೆ ಅವನ ಬೆರಳಿಗೆ ಪಟ್ಟಿ ಸಿಕ್ಕಿತು.

ಆರ್ವಲ್ ಎರಡು ಹುಟ್ಟನ್ನೂ ಹಿಡಿದು ಆ ನೊರೆಯ ನಡುವೆ ದೋಣಿಯನ್ನು ನಿಲ್ಲಿಸಿದ್ದ. ಅವನ ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ಫರ್ಮಿನ್ ಮುದುಕನನ್ನು ಎಳೆದುಕೊಂಡ. ದೋಣಿ ಬಿಡುಗಡೆಯಾಗಿ, ನೆಗೆದು, ಒಮ್ಮೆಲೇ ತಿಳಿನೀರಿಗೆ ಬಂದು ಬಿತ್ತು.

ಮರಳದಡದಲ್ಲಿ ಬೆಂಕಿ ಹಾಕಿದರು. ನಾಲ್ವರೂ ಕಂಬಳಿ ಸುತ್ತಿಕೊಂಡು ನಡುಗುತ್ತ ನಗುತ್ತಿದ್ದರು. ಏಕೆ ನಗುತ್ತಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ. ಲಿಯೋಟಾ ಹಾಳೆಗಳನ್ನು ಬಿಡಿಸಿ ಬಿಸಿಕಲ್ಲಿನ ಮೇಲೆ ಹರಡಿದಳು. ಅಂಚು ನೆಂದಿತ್ತು, ಬರಹ ಉಳಿದಿತ್ತು. ಹೆನ್ರಿ ಬಗ್ಗಿ ಒಂದೊಂದೇ ಹೆಸರು ಓದಿದ. ಸ್ಟೋವರ್ ಮಕ್ಕಳು. ಅಕ್ಕತಂಗಿ. ಝೀಬ್. ಫರ್ಮಿನ್ ಉರ್ಕಿದಿ.

"ಹತ್ತು ಜನರನ್ನ ನೀರಿಂದ ಎತ್ತಿದೀನಿ," ಅಂದ. "ಅವರೆಲ್ಲ ಒಳಗೆ, ನಾನೊಬ್ಬ ಹೊರಗೆ ಯಾಕಿರ್ಬೇಕು? ಬರ್ಕೋ."

ಲಿಯೋಟಾ ಕೂಡಲೇ ಪೆನ್ಸಿಲ್ ಎತ್ತಲಿಲ್ಲ. "ನಿಜವಾಗ್ಲೂ?"

"ಬರ್ಕೋ ಅಂದ್ನಲ್ಲ. ಹೆನ್ರಿ ಲಮ್. ಹುಟ್ಟಿದ್ದು ಇದೇ ಕಂದರದಲ್ಲಿ, ನಿನ್ನ ಕೌಂಟಿ ಹುಟ್ಟೋಕ್ಕಿಂತ ಮುಂಚೆ."

"ಕೆಲಸ?"

"ದೋಣಿ ನಡೆಸೋದು," ಅಂದು ಆರ್ವಲ್ ಕಡೆ ನೋಡಿದ.

ಆರ್ವಲ್ ಆಕಾಶ ನೋಡಿದ, ಹೊಳೆ ನೋಡಿದ, ಅಂಗೈಯ ಬೊಬ್ಬೆ ನೋಡಿಕೊಂಡ. "ಬರಿ ಅತ್ತಿಗೆ," ಅಂದ. "ಬೇರೆ ದಾರಿ ಇಲ್ಲ."

ಸಂಜೆಯ ಹೊತ್ತಿಗೆ ಕಂದರ ಅಗಲವಾಗಿ, ಗೋಧಿ ಹೊಲ ಕಾಣಿಸಿತು. ಪಟ್ಟಣದ ಸೇತುವೆಯ ಮೇಲಿದ್ದವರು ಮೊದಲು ದೋಣಿ ನೋಡಿದರು, ಆಮೇಲೆ ಆರ್ವಲ್ ಧ್ವನಿ ಕೇಳಿದರು, ಓಡಿ ಬಂದರು. ಗಣತಿ ಅಧಿಕಾರಿ ಸುಕ್ಕುಗಟ್ಟಿದ ಹಾಳೆಗಳನ್ನು ಎರಡೆರಡು ಸಲ ಕೂಡಿದ. ಕೊನೆಗೆ ಕನ್ನಡಕ ತೆಗೆದು, ಸರಿಯಾಗಿದೆ ಅಂದ. ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ಕೋರ್ಟಿನ ಗಂಟೆಯನ್ನು ಯಾರೋ ಹೇಳದೆ ಕೇಳದೆ ಬಾರಿಸಿಬಿಟ್ಟರು.

ಬೇಕರಿಯಲ್ಲಿ ಹೆನ್ರಿಗೆ ಸೇಬಿನ ಪೈ ಕೊಟ್ಟರು. ಅವನು ಪಟ್ಟಣಕ್ಕೆ ಬಂದು ಅರ್ಧ ಆಯುಸ್ಸೇ ಕಳೆದಿತ್ತು. ಕಿಟಕಿಯ ಹತ್ತಿರ ಕೂತು ಹೋಗಿಬರುವವರನ್ನು ನೋಡುತ್ತ ಎರಡನೆಯ ತುಂಡು ಕೇಳಿದ. ಅವನ ಪಕ್ಕದಲ್ಲಿ ಆರ್ವಲ್ ಕೂತು, ಆ ಎರಡನೆಯ ಬಂಡೆಗೆ ಎಡದಿಂದ ಹೋಗಿದ್ದರೆ ಏನಾಗುತ್ತಿತ್ತೆಂದು ಮೇಜಿನ ಮೇಲೆ ಚಮಚ ಜೋಡಿಸಿ ವಾದಿಸುತ್ತಿದ್ದ. ಫರ್ಮಿನ್ ಅಷ್ಟರಲ್ಲಿ ಯಾರಿಗೂ ಹೇಳದೆ ಕುರಿಗಳ ಕಡೆ ಹೊರಟುಹೋಗಿದ್ದ.

ಮರುದಿನ ಮೈಯೆಲ್ಲ ನೋಯುತ್ತಿದ್ದರೂ ಲಿಯೋಟಾ ಹೊತ್ತಿಗೆ ಸರಿಯಾಗಿ ಎದ್ದಳು. ಬಸ್ಸು ಎರಡು ಸಲ ಕೆಮ್ಮಿ ಶುರುವಾಯಿತು. ಹೊರವಲಯದ ಮೊದಲ ಮನೆಯ ಮುಂದೆ ಮಕ್ಕಳು ಊಟದ ಡಬ್ಬಿ ಹಿಡಿದು ಕಾಯುತ್ತಿದ್ದರು. ಅವಳು ಬಾಗಿಲು ತೆರೆದಳು, ಅವರು ಗಲಾಟೆ ಮಾಡುತ್ತ ಹತ್ತಿದರು, ಬಸ್ಸು ಹಾರ್ಗೇಟ್ ಕೌಂಟಿ ಹೈಸ್ಕೂಲಿನ ಕಡೆ ಹೊರಟಿತು.